ಪರದೆಯ ಮೇಲೆ ಅಪ್ಪ ನೋಡಿದ ಮುಖ

ನನಗೆ ನೆನಪಿರುವಂತೆ ನನ್ನ ಬಾಯಿ ಪೂರ್ತಿ ತೆರೆದದ್ದು ನಾವು ಊರು ಬಿಟ್ಟ ದಿನವೇ ಕೊನೆ. ಆಗ ನನಗೆ ಆರು ವರ್ಷ. ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷ ಕಳೆದಿತ್ತು. ಅನಗವಾಡಿಯ ಆಚೆ ಹೊಳೆದಂಡೆಯಲ್ಲಿದ್ದ ನಮ್ಮ ಸಣ್ಣ ಊರಿಗೆ ಆಣೆಕಟ್ಟಿನ ಹಿನ್ನೀರು ಬರುವುದು ಖಚಿತವಾಗಿ, ಜನ ತಮ್ಮ ಮನೆಗಳನ್ನು ತಾವೇ ಬಿಚ್ಚುತ್ತಿದ್ದರು. ಬಾಗಿಲು, ಚೌಕಟ್ಟು, ತೊಲೆ, ಜಂತಿ, ಬೀಸುವ ಕಲ್ಲು ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಿ ಪುನರ್ವಸತಿ ಕೇಂದ್ರಕ್ಕೆ ಒಯ್ಯುತ್ತಿದ್ದರು. ನಮ್ಮ ಮನೆಯ ತೊಲೆಗಳ ಮೇಲೆ ಹಾಸಿಗೆಯ ಗಂಟುಗಳಿದ್ದವು, ಗಂಟುಗಳ ಮೇಲೆ ನಾನಿದ್ದೆ. ಎರಡು ಕೈ ನನ್ನ ಕಂಕುಳಿಗೆ ಸೇರಿ ಮೇಲಕ್ಕೆತ್ತಿದ್ದು ನೆನಪಿದೆ. ಅವು ಅಪ್ಪನ ಕೈ. ಅಷ್ಟು ಎತ್ತರದಿಂದ ನಾನು ನಮ್ಮ ಊರನ್ನು ಎಂದೂ ನೋಡಿರಲಿಲ್ಲ. ಒಂದು ಮನೆಗೂ ಮಾಳಿಗೆ ಇರಲಿಲ್ಲ, ಅಡುಗೆ ಮನೆಗಳ ಒಳಗೆಲ್ಲ ಬಿಸಿಲು ಬಿದ್ದಿತ್ತು. ನಾನು ಖುಷಿಗೆ ಬಾಯಿ ತೆರೆದು ಕೂಗುತ್ತಿದ್ದೆ.

ಊರ ಹೊರಗಿನ ಹಳ್ಳದ ಇಳಿಜಾರಿನಲ್ಲಿ ಗಾಲಿ ಕುಣಿಗೆ ಬಿತ್ತು. ನಾನು ಗದ್ದ ಮುಂದಾಗಿ ಕಲ್ಲಿನ ಮೇಲೆ ಬಿದ್ದೆ.

ದಾರಿಯಲ್ಲಿ ಸಿಕ್ಕ ಒಬ್ಬ ಡಾಕ್ಟರು ಗದ್ದಕ್ಕೆ ಐದು ಹೊಲಿಗೆ ಹಾಕಿದರು. ಹಲ್ಲು ಗಟ್ಟಿಯಾಗಿದ್ದವು, ತಲೆಗೆ ಪೆಟ್ಟಾಗಿರಲಿಲ್ಲ. ಬೀರಪ್ಪ ದೇವರೇ ಕೈ ಅಡ್ಡ ಹಿಡಿದು ಉಳಿಸಿದ ಎಂದು ಎಲ್ಲರೂ ಹೇಳಿದರು. ಹೊಲಿಗೆ ಬಿಚ್ಚಿದ ಮೇಲೆ ನಾನು ಬಿದ್ದ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಲು ಬೇರೆ ದುಃಖಗಳಿದ್ದವು. ಹೊಲ ನೀರಿನ ಪಾಲಾಗಿತ್ತು. ಅಪ್ಪ ಕುರಿ ಮಾರಿದ್ದ. ನೂರಕ್ಕೂ ಹೆಚ್ಚು ಕುರಿಗಳಲ್ಲಿ ಪ್ರತಿಯೊಂದನ್ನೂ ಮುಖ ನೋಡಿ ಗುರುತಿಸುತ್ತಿದ್ದ ಮನುಷ್ಯ ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡಿನ ಮುಂದೆ ಸುಮ್ಮನೆ ಕುಳಿತಿರುತ್ತಿದ್ದ. ಆ ಮಳೆಗಾಲದಲ್ಲಿ ನನ್ನ ಎಡಗಿವಿ ಸೋರಿತು. ಅವ್ವ ಬಿಸಿ ಎಣ್ಣೆ ಬಿಟ್ಟಳು, ವಾಸಿಯಾಯಿತು.

ಬಾಯಿ ಒಂದೇ ದಿನ ಮುಚ್ಚಲಿಲ್ಲ. ಮೊದಲು ಅವ್ವನಿಗೆ ಗೊತ್ತಾದದ್ದು ರೊಟ್ಟಿಯ ತುತ್ತಿನಿಂದ. ತುತ್ತು ಸಣ್ಣದಾಗುತ್ತಾ ಹೋಯಿತು. ಆಮೇಲೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಬೇಕಾಯಿತು. ಆಮೇಲೆ ನೆನೆದ ರೊಟ್ಟಿಯನ್ನು ನಾನು ಬೆರಳಿನಿಂದ ಹಲ್ಲಿನ ಸಂದಿಯೊಳಗೆ ತಳ್ಳತೊಡಗಿದೆ. ಸಾಲೆಯಲ್ಲಿ ಬಾಯಿ ಬಿಟ್ಟು ಓದು ಎಂದರೆ ಓದಲಾಗುತ್ತಿರಲಿಲ್ಲ, ಹಟಮಾರಿ ಎಂದು ಹೆಸರು ಬಂತು. ಬೀರಪ್ಪನ ಗುಡಿಯ ಭಂಡಾರದ ಅರಿಶಿನವನ್ನು ಅವ್ವ ಐದು ಸೋಮವಾರ ನನ್ನ ಕೆನ್ನೆಗೆ ಹಚ್ಚಿದಳು.

ಹತ್ತು ವರ್ಷದವಳಿದ್ದಾಗ ದೂರದ ಊರಿನ ಆಸ್ಪತ್ರೆಯಲ್ಲಿ ಮೊದಲ ಆಪರೇಷನ್ ಆಯಿತು. ಎಡಗಿವಿಯ ಮುಂದಿನ ಕೀಲು ತಲೆಬುರುಡೆಗೆ ಕೂಡಿಕೊಂಡಿದೆ, ಅದನ್ನು ಬಿಡಿಸುತ್ತೇವೆ ಎಂದರು. ಕಿವಿ ಸೋರಿತ್ತೇ ಎಂದು ಕೇಳಿದರು, ಹೌದು ಎಂದೆವು. ನಾನು ಬಿದ್ದದ್ದನ್ನು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಗದ್ದದ ಗಾಯಕ್ಕೂ ಕಿವಿಯ ಮುಂದಿನ ಎಲುಬಿಗೂ ಸಂಬಂಧವಿದೆ ಎಂದು ನಮಗಾದರೂ ಹೇಗೆ ಗೊತ್ತಾಗಬೇಕು? ಕಿವಿಯ ಸೋಂಕಿನಿಂದ ಹೀಗಾಯಿತು ಎಂದೇ ನಾವು ನಂಬಿದೆವು.

ಆಪರೇಷನ್ ಆದ ಮೇಲೆ ಬಾಯಿ ಮತ್ತೆ ಮುಚ್ಚದ ಹಾಗೆ ದಿನವೂ ವ್ಯಾಯಾಮ ಮಾಡಿಸಬೇಕಿತ್ತು. ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ವಾರಕ್ಕೊಂದು ಕಡ್ಡಿ ಹೆಚ್ಚಿಸಬೇಕು. ಅದನ್ನು ಮಾಡಿಸಬೇಕಾದವಳು ಅವ್ವ. ಹದಿಮೂರನೆಯ ಕಡ್ಡಿಗೆ ನನಗೆ ಜೀವ ಹೋದಂತಾಗುತ್ತಿತ್ತು. ಗೋಡೆಗೆ ಒರಗಿಸಿ, ಎರಡೂ ಕೈಯನ್ನು ತನ್ನ ಮೊಣಕಾಲಿನಿಂದ ಒತ್ತಿ ಹಿಡಿದು, ಅವ್ವ ಅಳುತ್ತಲೇ ಕಡ್ಡಿ ತೂರಿಸುತ್ತಿದ್ದಳು. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕಡ್ಡಿಗಳನ್ನೆಲ್ಲ ಒಲೆಗೆ ಹಾಕಿದಳು. ಸಾಕು, ಇದು ನನ್ನ ಕೈಲಾಗುವುದಿಲ್ಲ ಎಂದಳು. ನನಗೆ ಅಂದು ಆದಷ್ಟು ಸಂತೋಷ ಬೇರೆಂದೂ ಆಗಿಲ್ಲ. ಬಾಯಿ ಮತ್ತೆ ಮೆಲ್ಲಗೆ ಮುಚ್ಚುತ್ತಾ ಬಂದು, ಒಂದೂವರೆ ಬೆರಳಿನಷ್ಟಕ್ಕೆ ನಿಂತಿತು.

ಕೆಳದವಡೆ ಬೆಳೆಯಲಿಲ್ಲ. ಉಳಿದ ನಾನು ಬೆಳೆದೆ. ಇಪ್ಪತ್ತು ತುಂಬುವ ಹೊತ್ತಿಗೆ ದೊಡ್ಡವಳ ಮುಖದ ಕೆಳಗೆ ಮಗುವಿನ ಗದ್ದ, ಅದೂ ಎಡಕ್ಕೆ ವಾಲಿದ್ದು. ಅಷ್ಟರಲ್ಲಿ ನಾವು ಮುಧೋಳಕ್ಕೆ ಬಂದಿದ್ದೆವು. ಅಪ್ಪನಿಗೆ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಯಾರ್ಡಿನಲ್ಲಿ ಗಾಡಿಗಳನ್ನು ಸಾಲಿಗೆ ಹಚ್ಚುವ ಕೆಲಸ ಸಿಕ್ಕಿತ್ತು. ನಾನು ಬಿ.ಎ. ಮುಗಿಸಿ ಬಸ್ ಸ್ಟ್ಯಾಂಡಿನ ಹತ್ತಿರದ ಗುರುಪಾದ ಕಾಕಾ ಅವರ ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತೆ. ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡುವುದು, ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆದು ಸರಿಮಾಡುವುದು ನನ್ನ ಕೆಲಸ. ಗಿರಾಕಿಗಳ ಜೊತೆ ಕಾಕಾ ಮಾತಾಡುತ್ತಿದ್ದರು. ಬಾಯಿ ತೆರೆಯದೆ ಮಾಡಬಹುದಾದ ಕೆಲಸವೆಂದೇ ನಾನು ಅದನ್ನು ಆರಿಸಿಕೊಂಡಿದ್ದೆ.

ಊರಿನವರ ಮುಖಗಳನ್ನೆಲ್ಲ ನಾನು ಸರಿಮಾಡಿದ್ದೇನೆ. ಮೊಡವೆ ಅಳಿಸಿದ್ದೇನೆ, ಓರೆಯಾದ ಭುಜ ನೇರ ಮಾಡಿದ್ದೇನೆ. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ನನ್ನದೇ ಫೋಟೊವನ್ನು ಪಕ್ಕದಿಂದ ತೆಗೆದು, ಮೌಸಿನಿಂದ ಗದ್ದವನ್ನು ಮುಂದಕ್ಕೆ ಎಳೆದೆ. ತುಸು ಹೆಚ್ಚಾಯಿತು, ಹಿಂದೆ ತಂದೆ. ಮತ್ತೆ ಮುಂದಕ್ಕೆ ಎಳೆದೆ. ಐದು ನಿಮಿಷ ಆ ಮುಖ ನೋಡುತ್ತಾ ಕುಳಿತೆ. ಬೇರೆಯವರ ವಸ್ತು ಕದ್ದಂತೆ ನಾಚಿಕೆಯಾಯಿತು. ಅಳಿಸಿಬಿಟ್ಟೆ.

ಆದರೆ ನಾನು ಮತ್ತೆ ಆಸ್ಪತ್ರೆಗೆ ಹೋದದ್ದು ಮುಖಕ್ಕಾಗಿ ಅಲ್ಲ. ಹಗಲು ಹೊತ್ತಿನಲ್ಲಿ ಕಂಪ್ಯೂಟರ್ ಮುಂದೆ ನನಗೆ ನಿದ್ದೆ ಬರತೊಡಗಿತು. ಬೆರಳು ಕೀಲಿಯ ಮೇಲೆ ಇಟ್ಟ ಹಾಗೇ ಮಲಗಿಬಿಡುತ್ತಿದ್ದೆ. ಒಮ್ಮೆ ಯಾರದೋ ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ಎರಡು ಸಾಲು ಬರೀ ‘ಕಕಕಕಕ’ ಎಂದು ಬಂದಿತ್ತು. ಕಾಕಾ ಬೈಯಲಿಲ್ಲ. ನಾನು ನಿದ್ದೆಯಲ್ಲಿ ಉಸಿರು ಎಳೆಯುವುದನ್ನು ಅವರು ಕೆಲವು ದಿನ ಗಮನಿಸಿದ್ದರು.

“ತಂಗಿ, ನಿನಗ ನಿದ್ದಿ ಕಡಿಮಿ ಆಗಿಲ್ಲ. ಉಸಿರು ಕಡಿಮಿ ಆಗೈತಿ. ನಡುನಡುವ ನಿಂತಽ ಬಿಡತೈತಿ,” ಎಂದರು. “ದೊಡ್ಡ ದವಾಖಾನಿಗಿ ತೋರಸು.”

ಮುಧೋಳದಿಂದ ಬಸ್ಸಿನಲ್ಲಿ ನಾಲ್ಕು ತಾಸಿನ ದಾರಿಯ ಒಂದು ದಂತ ಆಸ್ಪತ್ರೆಗೆ ಅಪ್ಪ ಮತ್ತು ನಾನು ಹೋದೆವು. ದವಡೆಯ ವಿಭಾಗದ ಹೊರಗೆ ಉದ್ದನೆಯ ಬೆಂಚುಗಳಿದ್ದವು. ಅಲ್ಲಿ ಕುಳಿತವರ ಮುಖಗಳೆಲ್ಲ ಏನಾದರೊಂದು ಕಳೆದುಕೊಂಡಿದ್ದವು. ಜೀವನದಲ್ಲಿ ಮೊದಲ ಸಲ ಯಾರೂ ನನ್ನನ್ನು ಎರಡನೆಯ ಸಾರಿ ತಿರುಗಿ ನೋಡಲಿಲ್ಲ. ಅದು ಎಂಥ ವಿಶ್ರಾಂತಿ ಎಂಬುದನ್ನು ಇದೇ ಪಾಡು ಪಟ್ಟವರು ಮಾತ್ರ ಬಲ್ಲರು. ಬನಹಟ್ಟಿಯ ನೇಕಾರರ ಮನೆಯ ಹೆಂಗಸೊಬ್ಬರು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ನನ್ನ ಪಕ್ಕದಲ್ಲಿದ್ದರು. ಒಳಗೆ ಗಡ್ಡೆ ಬೆಳೆದು ಅವರ ಒಂದು ಕಡೆಯ ದವಡೆಯನ್ನೇ ತೆಗೆದಿದ್ದರು. ಬಾಯಿ ಕಟ್ಟಿದಾಗ ಅಂಬಲಿಯನ್ನು ಹೇಗೆ ಬಟ್ಟೆಯಲ್ಲಿ ಸೋಸಬೇಕು, ಸಿರಿಂಜಿನ ತುದಿಗೆ ಯಾವ ನಳಿಕೆ ಹಚ್ಚಿದರೆ ಒಸಡಿಗೆ ಚುಚ್ಚುವುದಿಲ್ಲ ಎಂಬುದನ್ನೆಲ್ಲ ಅವರು ಅಸ್ಪಷ್ಟ ಮಾತಿನಲ್ಲಿ ಹೇಳಿಕೊಟ್ಟರು. ನಾನೂ ಅಸ್ಪಷ್ಟ ಮಾತಿನಲ್ಲೇ ಕೇಳಿದೆ. ನಮ್ಮಿಬ್ಬರಿಗೂ ಎಲ್ಲ ಅರ್ಥವಾಯಿತು.

ನಮ್ಮನ್ನು ನೋಡಿದ ಡಾಕ್ಟರ್ ಮೇಡಂ ಧಾರವಾಡದ ಕಡೆಯವರು. ನಾಲ್ಕು ಮಾತಿನಲ್ಲಿ ವಿಷಯ ಹೇಳಿದರು. ದವಡೆ ಹಿಂದೆ ಉಳಿದದ್ದರಿಂದ ನಾಲಿಗೆಯೂ ಹಿಂದೆ ಉಳಿದಿದೆ, ಗಂಟಲಿನಲ್ಲಿ ಗಾಳಿಗೆ ಜಾಗವಿಲ್ಲ. ದವಡೆಯನ್ನು ಮುಂದೆ ತರಬೇಕು. ಅದಕ್ಕೂ ಮೊದಲು ಹಲ್ಲುಗಳಿಗೆ ತಂತಿ ಹಾಕಿ ಸಾಲು ಸರಿಮಾಡಬೇಕು. ಎಲ್ಲಕ್ಕಿಂತ ಮೊದಲು ಇನ್ನೊಂದು ಆಪರೇಷನ್ ಮಾಡಿ ಕೂಡಿಕೊಂಡ ಕೀಲನ್ನು ಮತ್ತೆ ಬಿಡಿಸಿದರು. ಈ ಸಲ ಕಡ್ಡಿಯ ವ್ಯಾಯಾಮವನ್ನು ನಾನೇ ಕನ್ನಡಿ ಮುಂದೆ ನಿಂತು ಮಾಡಿಕೊಂಡೆ. ಅವ್ವ ಆ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ತಂತಿಯ ಕೆಲಸಕ್ಕೆ ಒಂದೂವರೆ ವರ್ಷ ಹಿಡಿಯಿತು. ಪ್ರತಿ ತಿಂಗಳೂ ಅಪ್ಪ ರಜೆ ಹಾಕಿ ನನ್ನೊಂದಿಗೆ ಬರುತ್ತಿದ್ದ. ಬೆಂಚಿನ ಮೇಲೆ ರುಮಾಲು ಬಿಚ್ಚಿ ಮೊಣಕಾಲಿನ ಮೇಲಿಟ್ಟುಕೊಂಡು ಕೂರುತ್ತಿದ್ದ. ಒಳಗೆ ಎಂದೂ ಬರುತ್ತಿರಲಿಲ್ಲ.

ತಂತಿಯ ಕೆಲಸ ಮುಗಿದ ಮೇಲೆ ತಲೆಯ ಸಿ.ಟಿ. ಸ್ಕ್ಯಾನ್ ತೆಗೆದರು, ಹಲ್ಲುಗಳ ಅಚ್ಚು ತೆಗೆದರು. ಮುಂದಿನ ವಾರ ಮೇಡಂ ಅಪ್ಪನನ್ನೂ ಒಳಗೆ ಕರೆದರು. ಆಪರೇಷನ್ನನ್ನು ಮೊದಲು ಕಂಪ್ಯೂಟರಿನಲ್ಲಿ ಮಾಡಿ ನೋಡುತ್ತೇವೆ, ನೀವೂ ನೋಡಬೇಕು ಎಂದರು. ಸಣ್ಣ ಕೋಣೆ, ಒಂದು ದೊಡ್ಡ ಪರದೆ, ಎರಡು ಸ್ಟೂಲು. ಅಪ್ಪ ನನ್ನ ಪಕ್ಕದಲ್ಲಿ ಕುಳಿತ.

ಪರದೆಯ ಮೇಲೆ ಬೂದಿ ಬಣ್ಣದ ತಲೆಬುರುಡೆಯೊಂದು ತಿರುಗುತ್ತಿತ್ತು. ನಾನು ದಿನವಿಡೀ ಮುಖಗಳನ್ನು ತಿದ್ದಿದವಳು. ಆದರೂ ಅದು ನನ್ನದು ಎಂದು ಮನಸ್ಸು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು. ಅಪ್ಪ ಮೆಲ್ಲಗೆ, “ಇದು ಇಕಿದಽ ಏನ್ರಿ?” ಎಂದು ಕೇಳಿದ. ಹೌದು ಎಂದು ಹೇಳಿ ಮೇಡಂ ಬುರುಡೆಯನ್ನು ತಿರುಗಿಸಿ ಎಡಗಿವಿಯ ಮುಂದೆ ನಿಲ್ಲಿಸಿದರು. ಕೀಲು ಬಿಡಿಸಿದ ಮೇಲೂ ಅಲ್ಲಿ ಎಲುಬಿನ ಗಂಟೊಂದು ಒಳಗೆ ಹೊರಳಿಕೊಂಡು ಉಳಿದಿತ್ತು.

“ಸಣ್ಣಾಕಿದ್ದಾಗ ಗದ್ದಕ್ಕ ಪೆಟ್ಟು ಬಿದ್ದಿತ್ತೇನ್ರಿ?” ಎಂದು ಅವರು ಅಪ್ಪನನ್ನು ಕೇಳಿದರು.

“ಬಿದ್ದಿದ್ಲರಿ. ಐದು ಹೊಲಿಗಿ ಹಾಕಿದ್ರು. ಆದ್ರ ಇದು ಕಿವಿಯಿಂದ ಆಗಿದ್ದಲ್ಲೇನ್ರಿ?”

ಮೇಡಂ ನಮ್ಮ ಮನೆಯ ಕಥೆ ತಿಳಿದವರಲ್ಲ. ಅವರು ಕಂಡದ್ದನ್ನು ಹೇಳಿದರು. ಗದ್ದಕ್ಕೆ ಬಿದ್ದ ಪೆಟ್ಟು ಎಲುಬಿನಗುಂಟ ಹೋಗಿ ಕೀಲಿನ ತಲೆಯನ್ನು ಮುರಿದಿದೆ, ಮುರಿದ ತುಂಡು ಒಳಗೆ ಸರಿದು ಅಲ್ಲೇ ಕೂಡಿಕೊಂಡಿತ್ತು, ಕಿವಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಅಪ್ಪ ಪರದೆಯ ಹತ್ತಿರ ಬಾಗಿ ನೋಡಿದ. ರುಮಾಲು ಮೊಣಕಾಲಿನಿಂದ ಜಾರಿ ಬಿದ್ದದ್ದು ಅವನಿಗೆ ಗೊತ್ತಾಗಲಿಲ್ಲ.

“ಅವಾಗಽ ತೋರಿಸಿದ್ರ?” ಎಂದ.

ಮೇಡಂ ಪರದೆ ಬಿಟ್ಟು ಅಪ್ಪನ ಕಡೆ ತಿರುಗಿದರು. “ಅವಾಗ ಗೊತ್ತಾಗಿದ್ರ ಬಾಯಿ ಇಷ್ಟು ಮುಚ್ಚತಿದ್ದಿಲ್ಲರಿ. ಆದ್ರ ಈ ಪೆಟ್ಟು ಹೊರಗಿಂದ ಕಾಣೂದಿಲ್ಲ. ಭಾಳ ಮಂದಿಗಿ ಹಿಂಗಽ ಆಗೈತಿ. ಯಾರ ತಪ್ಪೂ ಅಲ್ಲ.”

ಅಪ್ಪ ತಲೆಯಾಡಿಸಿದ. ಆ ಕೊನೆಯ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು.

ಆಮೇಲೆ ಮೇಡಂ ಕೆಲಸ ತೋರಿಸಿದರು. ಕೆಳದವಡೆಯ ಒಳಗೆ ಹಾದುಹೋಗುವ ನರವನ್ನು ಕೆಂಪು ಗೆರೆಯಿಂದ ಗುರುತು ಮಾಡಿದ್ದರು. ತುಟಿಗೆ ಸ್ಪರ್ಶ ಕೊಡುವ ನರ ಅದು, ಕತ್ತರಿಸುವ ಗೆರೆ ಅದರ ಪಕ್ಕದಲ್ಲೇ ಹೋಗುತ್ತದೆ, ಎಷ್ಟು ಜಾಗ್ರತೆ ಮಾಡಿದರೂ ಜೋಮು ಉಳಿಯಬಹುದು ಎಂದು ಎಚ್ಚರಿಸಿದರು. ಮೌಸ್ ಒತ್ತಿದರು. ಮೇಲಿನ ದವಡೆ ಬೇರೆಯಾಗಿ ಎಡಗಡೆ ನಾಲ್ಕು ಮಿಲಿಮೀಟರ್ ಕೆಳಗಿಳಿದು ಸಮವಾಯಿತು. ಕೆಳದವಡೆ ಎರಡೂ ಬದಿಗೆ ಸೀಳಿ ಹನ್ನೊಂದು ಮಿಲಿಮೀಟರ್ ಮುಂದೆ ಬಂತು. ಗದ್ದದ ತುದಿ ಮತ್ತೆ ಐದು. ಗಂಟಲಿನಲ್ಲಿ ದಾರದಷ್ಟಿದ್ದ ನೀಲಿ ಗಾಳಿಯ ದಾರಿ ಅಗಲವಾಯಿತು. ಅದನ್ನು ನೋಡಿದಾಗ ಮಾತ್ರ ಅಪ್ಪ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡ, ತನಗೇ ದಾರಿಯಾದಂತೆ. ಈ ಲೆಕ್ಕದ ಪ್ರಕಾರವೇ ಎರಡು ಪ್ಲಾಸ್ಟಿಕ್ ಅಚ್ಚುಗಳು ತಯಾರಾಗುತ್ತವೆ, ಆಪರೇಷನ್ ಮಾಡುವಾಗ ಹಲ್ಲುಗಳನ್ನು ಅವುಗಳಲ್ಲಿ ಕೂರಿಸಿದರೆ ದವಡೆ ಇಲ್ಲಿ ಕಂಡ ಜಾಗಕ್ಕೇ ಬಂದು ನಿಲ್ಲುತ್ತದೆ ಎಂದರು.

ಕೊನೆಗೆ ಎಲುಬುಗಳ ಮೇಲೆ ಚರ್ಮ ಬಂತು. ಪರದೆಯ ಎಡಕ್ಕೆ ನಾನು. ಬಲಕ್ಕೆ ಆಗಬೇಕಾದವಳು. ಇದು ಅಂದಾಜು ಮಾತ್ರ, ಮಾಂಸ ನಮ್ಮ ಲೆಕ್ಕ ಕೇಳುವುದಿಲ್ಲ ಎಂದು ಮೇಡಂ ಹೇಳಿದರು. ಅಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬಹಳ ಹೊತ್ತು ನೋಡಿದ.

“ಛಲೋ ಐತ್ರಿ,” ಎಂದ. “ಆದ್ರ ಇಕಿ ಯಾರು?”

ಮೇಡಂ ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಹೊರಡುವ ಮುಂಚೆ, ಆ ಚಿತ್ರದ ಒಂದು ಕಾಗದ ಸಿಗುವುದೇ ಎಂದು ಅವರನ್ನು ಕೇಳಿ ತೆಗೆದುಕೊಂಡ.

ಬಸ್ಸಿನಲ್ಲಿ ಲೋಕಾಪುರದವರೆಗೂ ಅವನು ಹೊರಗೇ ಮುಖ ಮಾಡಿ ಕುಳಿತಿದ್ದ. ಕಿಟಕಿಯ ಹೊರಗೆ ಕಬ್ಬಿನ ಗದ್ದೆಗಳು ಹೋಗುತ್ತಿದ್ದವು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದ. “ಆವತ್ತ ನಿನ್ನ ಗಾಡಿ ಮ್ಯಾಲ ಕುಂದರಿಸಿದಾಂವ ನಾನಽ. ನಿಮ್ಮವ್ವ ಬ್ಯಾಡ ಅಂದಿದ್ಲು. ನಾ ಕೇಳಲಿಲ್ಲ.”

ನಾನು ಏನಾದರೂ ಅನ್ನಬೇಕಿತ್ತು. ಅಷ್ಟು ಹೇಳುವಷ್ಟು ಬಾಯಿ ನನಗೆ ತೆರೆಯುತ್ತಿತ್ತು. ಹದಿನೈದು ವರ್ಷ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿಂದದ್ದು, ಸಾಲೆಯಲ್ಲಿ ಹಟಮಾರಿ ಅನ್ನಿಸಿಕೊಂಡದ್ದು, ಎಲ್ಲ ಒಟ್ಟಿಗೆ ನೆನಪಾಗಿ ನನ್ನ ಮನಸ್ಸು ಕಲ್ಲಾಯಿತು. ಸಿಟ್ಟು ಬಂದದ್ದು ನಿಜ. ಅದನ್ನು ಮುಚ್ಚಿಟ್ಟು ಈ ಬರಹ ಬರೆದರೆ ಅರ್ಥವಿಲ್ಲ. ಮನೆ ಮುಟ್ಟಿದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಮನೆ ಮುಟ್ಟಿದ ಮೇಲೆ, ಆಪರೇಷನ್ ಆದ ಮೇಲೆ ಹೇಳಿದರಾಯಿತು ಅಂದುಕೊಂಡೆ.

ಆಪರೇಷನ್ನಿಗೆ ಮೂರು ವಾರ ಇರುವಾಗ ಅಪ್ಪ ಹೋದ. ಕಬ್ಬಿನ ಯಾರ್ಡಿನಲ್ಲಿ ಮಧ್ಯಾಹ್ನದ ಬುತ್ತಿ ಉಂಡು ಒಂದು ಟ್ರ್ಯಾಕ್ಟರಿನ ನೆರಳಿಗೆ ಒರಗಿದ್ದನಂತೆ. ಸಾಲು ಮುಂದೆ ಸರಿಯಿತು, ಅವನು ಏಳಲಿಲ್ಲ. ಎದೆ ನಿಂತಿತ್ತು. ಮನೆಗೆ ತಂದಾಗ ಅವನ ಅಂಗಿಯ ಕಿಸೆಯಲ್ಲಿ ಆ ಕಾಗದವಿತ್ತು. ನಾಲ್ಕು ಮಡಿಕೆಯಾಗಿ, ಬೆವರಿಗೆ ಬಣ್ಣ ಹೋಗಿತ್ತು. ಬಲಗಡೆಯ ಮುಖ ಗುರುತು ಸಿಗದಷ್ಟು ಒರಸಿಹೋಗಿತ್ತು. ಯಾರ್ಡಿನ ಅವನ ಜೊತೆಗಾರರು ಹೇಳಿದರು, ಒಂದು ತಿಂಗಳಿಂದ ಸಾಲಿಗೆ ನಿಂತ ಪ್ರತಿ ಗಾಡಿಯವರಿಗೂ ತೋರಿಸುತ್ತಿದ್ದನಂತೆ, ನನ್ನ ಮಗಳು ಹೀಗಾಗುತ್ತಾಳೆ ಎಂದು.

ನಾನು ಆಸ್ಪತ್ರೆಗೆ ಹೋಗುವುದಿಲ್ಲ ಎಂದೆ. ಯಾರಿಗಾಗಿ ಮುಂದೆ ತರಬೇಕು ಈ ದವಡೆಯನ್ನು? ಬಸ್ಸಿನಲ್ಲಿ ಹೇಳದೆ ಉಳಿದ ಮಾತು ಹಲ್ಲಿನ ಹಿಂದೆ ಕೊಳೆಯುತ್ತಿತ್ತು. ಮೂರು ತಿಂಗಳು ಅಂಗಡಿಗೂ ಹೋಗಲಿಲ್ಲ. ಒಂದು ದಿನ ನಾನು ಹಗಲಿನಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಅವ್ವ ನನ್ನ ಮೂಗಿನ ಮುಂದೆ ಕೈ ಹಿಡಿದು ಕುಳಿತಿದ್ದಳು.

“ನಿನ್ನ ಉಸಿರು ನಿಂತಾಗೊಮ್ಮೆ ನಾ ಎದ್ದು ಕುಂದರ್ತೇನಿ,” ಎಂದಳು. “ಈ ಮನ್ಯಾಗ ಇನ್ನೊಂದು ಹೆಣ ನೋಡಾಕ ನನ್ನ ಕೈಲೆ ಆಗೂದಿಲ್ಲ. ನಡಿ.”

ಹಲ್ಲುಗಳು ಅಷ್ಟರಲ್ಲಿ ತುಸು ಸರಿದಿದ್ದವು. ಅಳತೆಯನ್ನು ಮತ್ತೆ ತೆಗೆದು, ಪರದೆಯ ಮೇಲಿನ ಕೆಲಸವನ್ನೆಲ್ಲ ಮೊದಲಿಂದ ಮಾಡಬೇಕಾಯಿತು. ಅದೇ ಕೋಣೆ. ಅವ್ವ ಒಳಗೆ ಬರಲು ಒಲ್ಲೆ ಎಂದಳು. ಪಕ್ಕದ ಸ್ಟೂಲಿನ ಮೇಲೆ ನನ್ನ ಚೀಲ ಇಟ್ಟುಕೊಂಡೆ. ಮೇಡಂ ಅಪ್ಪನ ವಿಷಯ ಕೇಳಿ, ಮೌಸಿನಿಂದ ಕೈ ತೆಗೆದು ಚೀಲವಿದ್ದ ಸ್ಟೂಲಿನ ಕಡೆ ನೋಡಿದರು. ಆಮೇಲೆ ಕೆಳದವಡೆಯ ಲೆಕ್ಕ ಹನ್ನೊಂದು ಮಿಲಿಮೀಟರ್ ಇದ್ದದ್ದನ್ನು ಹತ್ತೂವರೆ ಮಾಡಿದರು. ನಾನು ಹೂಂ ಎಂದೆ. ಬಲಗಡೆಯ ಮುಖವನ್ನು ತೋರಿಸಲೇ ಎಂದು ಕೇಳಿದರು. ಬೇಡ ಎಂದೆ.

ಆಪರೇಷನ್ ಏಳು ತಾಸು ಹಿಡಿಯಿತು. ಎಚ್ಚರವಾದಾಗ ಮುಖ ಗಡಿಗೆಯಷ್ಟಾಗಿತ್ತು. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲನ್ನು ರಬ್ಬರಿನಿಂದ ಬಿಗಿದಿದ್ದರು. ನುಂಗಲು ಹೆದರಿಕೆ, ಸೀನಲು ಹೆದರಿಕೆ. ಆದರೆ ಒಂದು ಮಾತು ಹೇಳಲೇಬೇಕು. ಆ ನೋವಿನ ನಡುವೆಯೂ ಗಾಳಿ ಮೂಗಿನಿಂದ ಗಂಟಲಿಗೆ ತಡೆಯಿಲ್ಲದೆ ಇಳಿಯುತ್ತಿತ್ತು. ತಣ್ಣಗೆ, ಅಗಲವಾಗಿ. ಉಸಿರಾಟ ಇಷ್ಟು ಸಲೀಸಾದ ಕೆಲಸ ಎಂದು ನನಗೆ ಗೊತ್ತೇ ಇರಲಿಲ್ಲ. ಅಪ್ಪ ಪರದೆಯ ಮುಂದೆ ಎಳೆದುಕೊಂಡ ಆ ಉಸಿರು ನೆನಪಾಗಿ ಕಣ್ಣೀರು ಕಿವಿಯೊಳಗೆ ಹರಿಯಿತು.

ಅವ್ವನಿಗೆ ಓದು ಬರದು, ನನಗೆ ಮಾತು ಬರದು. ಅವಳ ಅಂಗೈಯನ್ನು ಒಮ್ಮೆ ಒತ್ತಿದರೆ ನೀರು, ಎರಡು ಸಲ ಒತ್ತಿದರೆ ನೋವು. ಬನಹಟ್ಟಿಯ ಆ ತಾಯಿ ಹೇಳಿಕೊಟ್ಟಂತೆ ಅಂಬಲಿ ಸೋಸಿ, ಸಿರಿಂಜಿಗೆ ನಳಿಕೆ ಹಚ್ಚಿ ಅವ್ವ ಕುಡಿಸುತ್ತಿದ್ದಳು. ಮೊದಲು ನನಗೆ ಗೊತ್ತಾಗಲಿಲ್ಲ. ಅವಳ ಕಣ್ಣು ಯಾವಾಗಲೂ ನಳಿಕೆಯ ಮೇಲಿತ್ತು. ನನ್ನ ಮುಖವನ್ನು ಅವಳು ನೋಡುತ್ತಿರಲಿಲ್ಲ.

ಬಾವು ಇಳಿಯಿತು. ಮುಧೋಳದ ಓಣಿಯಲ್ಲಿ ಹೆಂಗಸರು ಬಂದು ನೋಡಿ, ಗುರುತೇ ಸಿಗಲಿಲ್ಲ, ಎಷ್ಟು ಚೆಂದ ಆಗ್ಯಾಳ ಎಂದು ಹೇಳಿಹೋದರು. ಅವ್ವ ಅವರಿಗೆ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದಳು. ಕನ್ನಡಿಯಲ್ಲಿ ನನಗೂ ಪರಿಚಯವಿಲ್ಲದ ಹೆಣ್ಣೊಬ್ಬಳು ಕಾಣುತ್ತಿದ್ದಳು. ನಾನು ನಗಲು ಹೋದರೆ ಅವಳು ತಡವಾಗಿ ನಗುತ್ತಿದ್ದಳು. ಯಾರೂ ನನಗೆ ಇದನ್ನು ಮೊದಲೇ ಹೇಳಿರಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಬೇಡವೆಂದು ಜೀವನವಿಡೀ ದ್ವೇಷಿಸಿದ ಮುಖಕ್ಕೂ ಹೋದ ಮೇಲೆ ಅಳು ಬರುತ್ತದೆ. ಅಪ್ಪ ಎತ್ತಿ ಆಡಿಸಿದ್ದು ಆ ಮುಖವನ್ನು. ನಿಮಗೂ ಹಾಗೆ ಅಳು ಬಂದರೆ ನೀವು ಕೃತಘ್ನರಲ್ಲ.

ಒಂದು ಮಧ್ಯಾಹ್ನ ಅವ್ವ ಜೋಳ ಹಸನು ಮಾಡುತ್ತಾ ಮೊರದ ಕಡೆ ನೋಡಿಕೊಂಡೇ, “ನಿಮ್ಮಪ್ಪ ಈಗ ಬಂದ್ರ ನಿನ್ನ ಗುರುತು ಹಿಡಿಯೂದಿಲ್ಲ,” ಎಂದಳು. ಅದಕ್ಕೆ ಒಂದು ವಾರದ ಹಿಂದೆಯಷ್ಟೇ ರಬ್ಬರು ಬಿಚ್ಚಿದ್ದರು. ನನಗೆ ಮೂರು ಬೆರಳಿನಷ್ಟಲ್ಲದಿದ್ದರೂ ಎರಡೂವರೆ ಬೆರಳಿನಷ್ಟು ಬಾಯಿ ತೆರೆಯುತ್ತಿತ್ತು. ಆ ಬಾಯಿಯಿಂದ ನಾನು ಅವ್ವನಿಗೆ ಬಸ್ಸಿನ ಮಾತನ್ನು ಹೇಳಿದೆ. ನೀನು ಬೇಡವೆಂದಿದ್ದೆಯಂತೆ, ಅಪ್ಪ ಕೇಳಲಿಲ್ಲವಂತೆ, ಅವನು ಅದನ್ನು ಹೇಳಿದಾಗ ನಾನು ಸುಮ್ಮನೆ ಕುಳಿತುಬಿಟ್ಟೆ ಎಂದೆ.

ಅವ್ವನ ಕೈ ಮೊರದಲ್ಲೇ ನಿಂತಿತು.

“ನಿಮ್ಮಪ್ಪ ಹಂಗ ಅಂದ್ರ?” ಎಂದು ಕೇಳಿದಳು. ಆಮೇಲೆ, “ಬ್ಯಾಡ ಅಂದಾವರು ಅವರು. ಸಾಮಾನು ಹೇರೂಮುಂದ ನೀ ಕಾಲಾಗ ಕಾಲಾಗ ಬರ್ತಿದ್ದಿ. ಮ್ಯಾಲ ಕುಂದರಸ್ರಿ ಅಂದಾಕಿ ನಾನು. ಬೀಳ್ತಾಳ ಅಂದ್ರು. ನಾನಽ ಹಟಾ ಮಾಡಿದ್ನಿ,” ಎಂದಳು.

ಅಪ್ಪ ಮರೆತಿದ್ದನೋ, ಬೇಕೆಂದೇ ತನ್ನ ಮೇಲೆ ಹಾಕಿಕೊಂಡನೋ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಕಿವಿಯಿಂದ ಆದದ್ದು ಎಂದು ಅವ್ವ ಎಂದೂ ನಂಬಿರಲಿಲ್ಲವಂತೆ, ನಾನು ಬಿದ್ದದ್ದರಿಂದಲೇ ಎಂದುಕೊಂಡಿದ್ದಳಂತೆ. ಹದಿಮೂರನೆಯ ಕಡ್ಡಿಯನ್ನು ತೂರಿಸಲಾಗದೆ ಒಲೆಗೆ ಹಾಕಿದ ಕೈಯ ಅರ್ಥ ನನಗೆ ಆಗ ತಿಳಿಯಿತು. ಅವಳು ತಲೆ ತಗ್ಗಿಸಿ, ಶಿಕ್ಷೆಗೆ ಕಾದವಳಂತೆ ಕುಳಿತಿದ್ದಳು. ಒಮ್ಮೆ ಸುಮ್ಮನಿದ್ದು ಪಟ್ಟದ್ದು ನನಗೆ ಸಾಕಾಗಿತ್ತು.

“ಅವ್ವಾ,” ಎಂದೆ. “ಗಾಲಿ ಕುಣ್ಯಾಗ ಬಿತ್ತು. ಅಷ್ಟಽ.”

ಅವ್ವ ತಲೆಯೆತ್ತಿದಳು. ಆಪರೇಷನ್ ಆದಂದಿನಿಂದ ಮೊದಲ ಸಲ ನನ್ನ ಮುಖವನ್ನು ನೋಡಿದಳು. ಹಣೆಯಿಂದ ಗದ್ದದವರೆಗೆ ನೋಡಿದಳು. ಮೊರ ಬದಿಗಿಟ್ಟು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಇದೆಲ್ಲ ಆಗಿ ಕೆಲವು ವರ್ಷವಾದವು. ನಾನು ಈಗಲೂ ಅದೇ ಅಂಗಡಿಯಲ್ಲಿದ್ದೇನೆ. ಗಿರಾಕಿಗಳ ಜೊತೆ ನಾನೇ ಮಾತಾಡುತ್ತೇನೆ, ಗುರುಪಾದ ಕಾಕಾ ಕುಳಿತು ಕೇಳುತ್ತಾರೆ. ಹಗಲು ನಿದ್ದೆ ಬರುವುದಿಲ್ಲ. ಕೆಳತುಟಿ ಮತ್ತು ಗದ್ದಕ್ಕೆ ಮಾತ್ರ ಸ್ಪರ್ಶ ಮರಳಿ ಬರಲಿಲ್ಲ. ಪರದೆಯ ಮೇಲೆ ಕೆಂಪು ಗೆರೆ ಎಳೆದು ಮೇಡಂ ಮೊದಲೇ ಹೇಳಿದ್ದರು, ಅವರದೇನೂ ತಪ್ಪಿಲ್ಲ. ಚಹಾ ಸುಡುತ್ತದೆಯೇ ಎಂದು ಬೆರಳು ಅದ್ದಿ ನೋಡಿ ಕುಡಿಯುತ್ತೇನೆ. ಊಟ ಮಾಡುವಾಗ ತುಟಿಯ ಕೆಳಗೆ ಏನಾದರೂ ಅಂಟಿದ್ದರೆ ನನಗೆ ತಿಳಿಯುವುದಿಲ್ಲ.

ಹೋದ ತಿಂಗಳು ಜಮಖಂಡಿಯಲ್ಲಿ ಒಂದು ಲಗ್ನಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಜಾಗ ಸಾಲದೆ ಅವ್ವ ಎದುರಿನ ಸಾಲಿನಲ್ಲಿ, ದೂರ ಕುಳಿತಿದ್ದಳು. ನನ್ನ ಪಕ್ಕದವರ ಜೊತೆ ಮಾತಾಡುತ್ತಾ ಉಣ್ಣುತ್ತಿದ್ದೆ. ತಲೆಯೆತ್ತಿದಾಗ ಅವ್ವ ಊಟ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಯಾರಿಗೂ ಗೊತ್ತಾಗದಂತೆ ಎಡಗೈಯ ಬೆರಳಿನಿಂದ ತನ್ನ ಗದ್ದವನ್ನು ಮೆಲ್ಲಗೆ ಮುಟ್ಟಿ ತೋರಿಸಿದಳು. ನಾನು ನನ್ನ ಗದ್ದ ಒರೆಸಿಕೊಂಡೆ. ಹೋಯಿತೇ ಎಂದು ಕಣ್ಣಲ್ಲೇ ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿ, ಬೆರಳನ್ನು ಗದ್ದದ ಮೇಲೆ ಇನ್ನೂ ಸ್ವಲ್ಪ ಎಡಕ್ಕೆ ಸರಿಸಿದಳು.